ಟೆಂಡರ್ ಓದಲು ಕಲಿಯೋಣ

(ಕ್ಯಾಸನೂರಿನಲ್ಲಿ ನಡೆದ ಸಂಘದ ವಾರ್ಷಿಕ ಸಮಾವೇಶದಲ್ಲಿ ಸದಸ್ಯರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)

 

ವಾರ್ಷಿಕ ಸಮಾವೇಶವೆಂದರೆ ವಿದ್ಯೆಯ ಮಹತ್ವದ ಬಗ್ಗೆ ಒಂದು ಭಾಷಣ ಇದ್ದೇ ಇರುತ್ತದೆ. ಈ ಸಲ ಟೆಂಡರಿನ ಬಗ್ಗೆ ಮಾತನಾಡಿ ಎಂದು ಕಾರ್ಯದರ್ಶಿಗಳು ಫೋನು ಮಾಡಿದಾಗ, ಇವರು ಯಾರೋ ಕಂಟ್ರಾಕ್ಟರಿಗೆ ಮಾಡಲು ಹೋಗಿ ನನಗೆ ಮಾಡಿದ್ದಾರೆ ಎಂದುಕೊಂಡೆ. ಆಮೇಲೆ ಅವರು ವಿವರಿಸಿದರು. ನಮ್ಮ ಸಂಘ, ಪಕ್ಕದ ಊರುಗಳ ಯುವಕ ಸಂಘಗಳು, ಮಹಿಳಾ ಸಂಘಗಳು ಎಲ್ಲವೂ ಚಂದಾ ಎತ್ತಿ ನಡೆಯುತ್ತಿವೆ. ಮಳೆ ಚೆನ್ನಾಗಿ ಆದ ವರ್ಷ, ಅಡಿಕೆಗೆ ದರ ಇದ್ದ ವರ್ಷ ಚಂದಾ ಬರುತ್ತದೆ. ಇಲ್ಲದ ವರ್ಷ ಹೊಲಿಗೆ ತರಗತಿ ಮುಚ್ಚುತ್ತದೆ. ಅದೇ ಹೊತ್ತಿಗೆ ಪಂಚಾಯಿತಿ, ಪುರಸಭೆ, ಇಲಾಖೆಗಳು ನಮ್ಮಂಥವರು ಮಾಡಬಲ್ಲ ಕೆಲಸಗಳನ್ನೇ ಎಲ್ಲಿಂದಲೋ ಬಂದ ಏಜೆನ್ಸಿಗಳಿಗೆ ಕೊಡುತ್ತಿವೆ. ನಾವು ಯಾಕೆ ಅರ್ಜಿ ಹಾಕುವುದಿಲ್ಲ? ಅವರ ಪ್ರಶ್ನೆ ಇದು. ಒಳ್ಳೆಯ ಪ್ರಶ್ನೆ. ಸಂಘಸಂಸ್ಥೆಗಳ ಲೆಕ್ಕಪತ್ರ ನೋಡಿಕೊಂಡು ಬಹಳ ವರ್ಷ ಕಳೆದವನಾದ್ದರಿಂದ ಒಪ್ಪಿಕೊಂಡು ಬಂದೆ.

ಮೊದಲು ನಿಮ್ಮ ಊರಿನ ಹೆಸರಿನಿಂದಲೇ ಶುರು ಮಾಡುತ್ತೇನೆ. ಕ್ಯಾಸನೂರು ಎಂಬ ಹೆಸರು ಪ್ರಪಂಚದ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಇದೆ. 1957ರಲ್ಲಿ ಇಲ್ಲಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೂ ಜ್ವರ ಬಂತು, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಉಣ್ಣೆಯಿಂದ ಹರಡುವ ಹೊಸ ವೈರಸ್ಸನ್ನು ಕಂಡುಹಿಡಿದರು, ಅದಕ್ಕೆ ನಿಮ್ಮ ಊರಿನ ಹೆಸರನ್ನೇ ಇಟ್ಟರು. ನಾವು ಮಂಗನ ಕಾಯಿಲೆ ಅನ್ನುತ್ತೇವೆ. ಆಮೇಲೆ ಸರ್ಕಾರ ಅದಕ್ಕೆ ಲಸಿಕೆ ಕೊಟ್ಟಿತು, ಮೈಗೆ ಹಚ್ಚಿಕೊಳ್ಳುವ ಡೇಪಾ ತೈಲ ಕೊಟ್ಟಿತು. ಆದರೆ ಕಾಡಿಗೆ ಹೋಗುವ ಮೊದಲು ಎಣ್ಣೆ ಹಚ್ಚಿಕೊಳ್ಳಿ ಎಂದು ಮನೆಮನೆಗೆ ಹೋಗಿ ಹೇಳುವುದು, ಮೊದಲ ಚುಚ್ಚುಮದ್ದು ತೆಗೆದುಕೊಂಡವರನ್ನು ತಿಂಗಳು ಬಿಟ್ಟು ಎರಡನೆಯದಕ್ಕೆ ಕರೆತರುವುದು, ಇದು ಯಾವಾಗಲೂ ಕಷ್ಟದ ಕೆಲಸವಾಗಿಯೇ ಉಳಿಯಿತು. ಇಲಾಖೆಯ ಹತ್ತಿರ ಔಷಧಿ ಇರುತ್ತದೆ. ಬಾಗಿಲು ತೆರೆಸುವ ಪರಿಚಯ ಇರುವುದಿಲ್ಲ. ಆ ಪರಿಚಯ ಇರುವುದು ನಿಮ್ಮ ಹತ್ತಿರ. ಯಾವ ಮನೆಯಲ್ಲಿ ಯಾರಿದ್ದಾರೆ, ಯಾರು ಸೌದೆಗೆ ಕಾಡಿಗೆ ಹೋಗುತ್ತಾರೆ, ಯಾರ ಮಾತನ್ನು ಯಾರು ಕೇಳುತ್ತಾರೆ ಎಂಬುದು ನಿಮಗೆ ಗೊತ್ತು. ಟೆಂಡರ್ ಭಾಷೆಯಲ್ಲಿ ಇದನ್ನು ಅನುಭವ ಎನ್ನುತ್ತಾರೆ. ಆದರೆ ಅಲ್ಲಿ ಬಾಯಿಮಾತಿನ ಅನುಭವ ನಡೆಯುವುದಿಲ್ಲ, ಕಾಗದದ ಮೇಲೆ ಇರಬೇಕು. ನಮ್ಮ ತೊಂದರೆಯೆಲ್ಲ ಆ ಕಾಗದದಲ್ಲಿದೆ.

ಸೇವೆಗೂ ಗುತ್ತಿಗೆಗೂ ಏನು ಸಂಬಂಧ, ಗುತ್ತಿಗೆ ಎಂದರೆ ರಸ್ತೆ, ಚರಂಡಿ, ಸಿಮೆಂಟು ಅಲ್ಲವೆ ಎಂದು ಹಿರಿಯರು ಕೇಳಬಹುದು. ಆ ಕಾಲ ಹೋಯಿತು. ನಮ್ಮ ಕರ್ನಾಟಕದಲ್ಲೇ ನೋಡಿ. ಹಳ್ಳಿಗಳಲ್ಲಿ ಕಸ ಎತ್ತುವ ಸ್ವಚ್ಛ ವಾಹಿನಿ ಗಾಡಿಗಳನ್ನು ಅನೇಕ ಕಡೆ ಓಡಿಸುತ್ತಿರುವುದು ಹೆಣ್ಣುಮಕ್ಕಳು. ಗ್ರಾಮ ಪಂಚಾಯಿತಿ ಮಟ್ಟದ ಮಹಿಳಾ ಒಕ್ಕೂಟದೊಂದಿಗೆ ಪಂಚಾಯಿತಿ ಒಡಂಬಡಿಕೆ ಮಾಡಿಕೊಂಡು, ಕಸ ಸಂಗ್ರಹ ಮತ್ತು ಬೇರ್ಪಡಿಸುವ ಘಟಕವನ್ನು ಅವರಿಗೆ ವಹಿಸುತ್ತದೆ. ಸ್ಟೀರಿಂಗ್ ಮುಟ್ಟದವರು ತರಬೇತಿ ಪಡೆದು ಲೈಸೆನ್ಸ್ ತೆಗೆದುಕೊಂಡು ಗಾಡಿ ಓಡಿಸುತ್ತಿದ್ದಾರೆ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ನಿನಲ್ಲಿ ಪಂಚಾಯಿತಿಗಳಿಗೆ ನೆರವಾಗಲು ಅನುಷ್ಠಾನ ಬೆಂಬಲ ಸಂಸ್ಥೆ ಎಂದು ಸ್ವಯಂಸೇವಾ ಸಂಸ್ಥೆಗಳನ್ನು ನೇಮಿಸಿದರು. ಪಟ್ಟಣಗಳಲ್ಲಿ ವಸತಿರಹಿತರ ರಾತ್ರಿ ತಂಗುದಾಣಗಳನ್ನು ನಡೆಸುವವರೂ ಬಹುತೇಕ ಸಂಸ್ಥೆಗಳೇ. ಅಲ್ಪಸಂಖ್ಯಾತ ಯುವಕರಿಗೆಂದು ಕೇಂದ್ರ ಸರ್ಕಾರ 2013ರಲ್ಲಿ ತಂದ 'ಸೀಖೋ ಔರ್ ಕಮಾವೊ' ಕೌಶಲ ಯೋಜನೆಯಲ್ಲಿ ನೋಂದಾಯಿತ ಸೊಸೈಟಿಗಳೂ ತರಬೇತಿ ನೀಡುವ ಸಂಸ್ಥೆಗಳಾಗಿ ಆಯ್ಕೆಯಾಗಬಹುದಿತ್ತು. ಆದರೆ ತರಬೇತಿ ಪಡೆದವರಲ್ಲಿ ಕನಿಷ್ಠ ಶೇ. 75 ಮಂದಿಗೆ ಕೆಲಸ ಕೊಡಿಸಬೇಕು ಎಂಬ ಷರತ್ತು ಇತ್ತು. ಆ ಯೋಜನೆ ಈಗ ಬೇರೆ ಯೋಜನೆಯಲ್ಲಿ ವಿಲೀನವಾಗಿದೆ. ಅದು ನಡೆಯುತ್ತಿದ್ದ ವರ್ಷಗಳಲ್ಲಿ ನಮ್ಮ ಸುತ್ತಿನ ಎಷ್ಟು ಸಂಘಗಳು ಅರ್ಜಿಯ ನಮೂನೆಯನ್ನಾದರೂ ನೋಡಿದ್ದವು ಎಂದು ಕೇಳಿಕೊಳ್ಳಿ.

ಇಲ್ಲಿ ಮೂರು ಮಾತುಗಳ ವ್ಯತ್ಯಾಸ ತಿಳಿದಿರಬೇಕು, ವಿದ್ಯಾರ್ಥಿಗಳು ಬರೆದುಕೊಳ್ಳಿ. ಅನುದಾನ ಎಂದರೆ ನಿಮ್ಮ ಕೆಲಸಕ್ಕೆ ಸರ್ಕಾರ ಕೊಡುವ ಸಹಾಯ. ಒಡಂಬಡಿಕೆ ಎಂದರೆ ಇಂಥ ಕೆಲಸವನ್ನು ನೀವು ಮಾಡಿ, ಇಷ್ಟನ್ನು ನಾವು ಕೊಡುತ್ತೇವೆ ಎಂದು ಇಬ್ಬರೂ ಕೂತು ಬರೆದುಕೊಳ್ಳುವುದು. ಟೆಂಡರ್ ಎಂದರೆ ಕೆಲಸ ಸರ್ಕಾರದ್ದು, ಅದನ್ನು ಮಾಡಿಕೊಡುತ್ತೇವೆ ಎಂದು ಹತ್ತು ಜನ ಪೈಪೋಟಿಯಲ್ಲಿ ದರ ಹೇಳುವುದು. ಅನುದಾನಕ್ಕೆ ಬರೆದ ಅರ್ಜಿಯನ್ನೇ ಟೆಂಡರಿಗೂ ಹಾಕುವವರನ್ನು ನಾನು ಕಂಡಿದ್ದೇನೆ. "ನಮ್ಮ ಸಂಘ ಬಡವರ ಸಂಘ, ದಯವಿಟ್ಟು ಪರಿಗಣಿಸಬೇಕು" ಎಂದು. ಟೆಂಡರ್ ಸಮಿತಿಗೆ ದಯೆ ತೋರಿಸುವ ಅಧಿಕಾರವೇ ಇಲ್ಲ. ತೋರಿಸಿದರೆ ಆಡಿಟ್ ಆಕ್ಷೇಪಣೆ ಬರುತ್ತದೆ.

ಈ ಅಧಿಕಾರವನ್ನು ಕಟ್ಟಿಹಾಕಿದ ಕಾನೂನಿನ ಹೆಸರು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999. 2000ದಲ್ಲಿ ಜಾರಿಗೆ ಬಂತು. ಕಚೇರಿಗಳಲ್ಲಿ ಕೆ.ಟಿ.ಪಿ.ಪಿ. ಎಂದರೆ ಎಲ್ಲರಿಗೂ ಗೊತ್ತು. ಇಲಾಖೆಗಳಿಗೆ ಮಾತ್ರವಲ್ಲ, ಪಂಚಾಯಿತಿ, ಪುರಸಭೆಗಳಿಗೂ ಅನ್ವಯ. ಸಣ್ಣ ಮೊತ್ತದ ಕೆಲಸಗಳಿಗೆ ಮತ್ತು ಸರ್ಕಾರ 4(ಜಿ) ಕಲಮಿನ ಪ್ರಕಾರ ಅಧಿಸೂಚನೆ ಹೊರಡಿಸಿದ ಪ್ರಕರಣಗಳಿಗೆ ಅದರಿಂದ ವಿನಾಯಿತಿ ಇದೆ. ಉಳಿದದ್ದಕ್ಕೆಲ್ಲ ಪ್ರಕಟಣೆ ಕೊಡಲೇಬೇಕು, ಪ್ರಕಟಣೆಯಲ್ಲಿ ಹೇಳಿದ ಅರ್ಹತೆಯ ಪ್ರಕಾರವೇ ತೀರ್ಮಾನಿಸಬೇಕು. ತೀರ್ಮಾನದಿಂದ ಅನ್ಯಾಯವಾಯಿತು ಅನ್ನಿಸಿದವರು 30 ದಿನಗಳೊಳಗೆ 16ನೆಯ ಕಲಮಿನ ಪ್ರಕಾರ ಮೇಲ್ಮನವಿ ಹಾಕಬಹುದು. ಈ 16ನೆಯ ಕಲಮನ್ನು ನೆನಪಿಡಿ, ಮತ್ತೆ ಅದಕ್ಕೆ ಬರುತ್ತೇನೆ.

ಮೀಸಲಾತಿಯ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದವರು ಇಲ್ಲಿ ಇದ್ದೇ ಇರುತ್ತೀರಿ, ಆದ್ದರಿಂದ ಒಂದು ಮಾತು. 2025ರ ಮಾರ್ಚಿಯಲ್ಲಿ ವಿಧಾನಮಂಡಲ ಇದೇ ಕಾನೂನಿಗೆ ತಿದ್ದುಪಡಿ ಅಂಗೀಕರಿಸಿ, ನಿಗದಿತ ಮೊತ್ತದವರೆಗಿನ ಗುತ್ತಿಗೆಗಳಲ್ಲಿ ಪ್ರವರ್ಗ 2ಬಿಗೆ ಶೇ. 4 ಮೀಸಲು ಎಂದಿತು. ಅದರ ಬಗ್ಗೆ ದೊಡ್ಡ ವಾದವಿವಾದ ಆಯಿತು. ಏಪ್ರಿಲ್‌ನಲ್ಲಿ ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿದರು. ಅದರ ಗತಿ ಏನೇ ಆಗಲಿ, ಆ ಮೀಸಲು ಜಾತಿ ಪ್ರಮಾಣಪತ್ರ ಇರುವ ಗುತ್ತಿಗೆದಾರರ ವಿಷಯ. ನೋಂದಾಯಿತ ಸಂಘದ ಹಾದಿ ಬೇರೆ. ಆ ಸುದ್ದಿ ಕೇಳಿ ಯಾರಾದರೂ ಇನ್ನು ಟೆಂಡರ್ ತಾನಾಗಿ ಮನೆಗೆ ಬರುತ್ತದೆ ಎಂದುಕೊಂಡಿದ್ದರೆ, ಬರುವುದಿಲ್ಲ.

ಈಗ ನನ್ನದೇ ಒಂದು ಕಥೆ. ಹಲವು ವರ್ಷಗಳ ಹಿಂದೆ ನಾನು ಲೆಕ್ಕ ನೋಡಿಕೊಳ್ಳುತ್ತಿದ್ದ ಸಣ್ಣ ಸಂಸ್ಥೆಯೊಂದು ಹೊಲಿಗೆ ತರಬೇತಿ ನಡೆಸುವ ಟೆಂಡರಿಗೆ ಅರ್ಜಿ ಹಾಕಿತು. ಆ ಕೆಲಸವನ್ನು ನಾವು ಎಂಟು ವರ್ಷದಿಂದ ಉಚಿತವಾಗಿ ಮಾಡುತ್ತಿದ್ದೆವು. ಎರಡು ಲಕೋಟೆ ಪದ್ಧತಿ. ಮೊದಲು ತಾಂತ್ರಿಕ ಲಕೋಟೆ ತೆರೆಯುತ್ತಾರೆ, ಅದರಲ್ಲಿ ಪಾಸಾದವರ ದರದ ಲಕೋಟೆ ಮಾತ್ರ ತೆರೆಯುತ್ತಾರೆ. ನಮ್ಮದು ಮೊದಲನೆಯದರಲ್ಲೇ ಬಿದ್ದುಹೋಯಿತು. ಸಂಜೆ ನಮಾಜಿನ ನಂತರ ಮಸೀದಿಯ ಜಗುಲಿಯ ಮೇಲೆ ಕೂತವರೆಲ್ಲ ಒಂದೇ ಮಾತು ಹೇಳಿದೆವು: "ನಮ್ಮ ಹೆಸರು ನೋಡಿಯೇ ಬಿಟ್ಟರು." ನಾನೂ ಅದನ್ನೇ ಹೇಳಿದೆ, ಸುಳ್ಳು ಹೇಳುವುದಿಲ್ಲ. ಒಂದು ವಾರದ ನಂತರ ತಿರಸ್ಕಾರದ ಕಾರಣದ ಪತ್ರ ಕೈಗೆ ಬಂತು. ನಮ್ಮ ಸಂಸ್ಥೆಯ ಪರವಾಗಿ ಸಹಿ ಮಾಡಿದವರು ಪದಾಧಿಕಾರಿ ಎನ್ನಲು ಸಂಘಗಳ ನೋಂದಣಾಧಿಕಾರಿಗಳ ದಾಖಲೆಯಲ್ಲಿ ಆಧಾರವಿಲ್ಲ. ಹೋಗಿ ನೋಡಿದರೆ ಮೂರು ವರ್ಷದಿಂದ ಆಡಳಿತ ಮಂಡಳಿಯ ಪಟ್ಟಿಯನ್ನೇ ಸಲ್ಲಿಸಿಲ್ಲ. ಅಲ್ಲಿನ ಕಡತದಲ್ಲಿ ಅಧ್ಯಕ್ಷರೆಂದು ಇದ್ದವರು ತೀರಿಕೊಂಡು ಎರಡು ರಂಜಾನ್ ಕಳೆದಿದ್ದವು. ಇನ್ನಾಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಅವರ ಜನಾಝಾಕ್ಕೆ ಹೆಗಲು ಕೊಟ್ಟ ನಾವೇ ಕಾಗದದಲ್ಲಿ ಅವರನ್ನು ಅಧ್ಯಕ್ಷರನ್ನಾಗಿ ಇಟ್ಟುಕೊಂಡಿದ್ದೆವು. ಪಟ್ಟಿ ಸಲ್ಲಿಸುವ ಕೆಲಸ ನನ್ನದಾಗಿತ್ತು.

ಪಕ್ಷಪಾತವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇದೆ. ಹೆಸರು ನೋಡಿ ಮುಖ ತಿರುಗಿಸುವವರನ್ನು ನಾವೆಲ್ಲ ನೋಡಿದ್ದೇವೆ, ದಲಿತ ಬಂಧುಗಳು ನಮಗಿಂತ ಹೆಚ್ಚು ನೋಡಿದ್ದಾರೆ. ಆದರೆ ಪಕ್ಷಪಾತ ಆಯಿತೋ ಇಲ್ಲವೋ ಎಂದು ತಿಳಿಯುವುದಕ್ಕೂ, ಆದರೆ ಅದನ್ನು 16ನೆಯ ಕಲಮಿನಡಿ ಪ್ರಶ್ನಿಸುವುದಕ್ಕೂ ನಿಮ್ಮ ಕಡತ ಪೂರ್ತಿ ಇರಬೇಕು. ಅರ್ಧ ಕಡತ ಇಟ್ಟುಕೊಂಡು ಜಗುಲಿಯ ಮೇಲೆ ಮಾತನಾಡಬಹುದು, ಮೇಲ್ಮನವಿ ಬರೆಯಲಾಗುವುದಿಲ್ಲ.

ಕಡತದಲ್ಲಿ ಏನೇನು ಇರಬೇಕು? ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಪ್ರಕಾರ ವಾರ್ಷಿಕ ಸರ್ವಸಾಧಾರಣ ಸಭೆ ನಡೆದ 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರ ಸಲ್ಲಿಸಬೇಕು. ಸಲ್ಲಿಸಿದ್ದಕ್ಕೆ ಸ್ವೀಕೃತಿ ಇಟ್ಟುಕೊಳ್ಳಬೇಕು. ಮೂರು ವರ್ಷದ ಆಡಿಟ್ ವರದಿ, ಪ್ಯಾನ್, ಸಂಘದ ಹೆಸರಿನ ಬ್ಯಾಂಕ್ ಖಾತೆ. ಅಧ್ಯಕ್ಷರ ಸ್ವಂತ ಖಾತೆ ನಡೆಯುವುದಿಲ್ಲ. ಅವರು ಎಷ್ಟೇ ಪ್ರಾಮಾಣಿಕರಾದರೂ ನಡೆಯುವುದಿಲ್ಲ. ನೀತಿ ಆಯೋಗದ ದರ್ಪಣ್ ನೋಂದಣಿಯನ್ನು ಅನೇಕ ಯೋಜನೆಗಳಲ್ಲಿ ಕೇಳುತ್ತಾರೆ. ನಡಾವಳಿ ಪುಸ್ತಕ ಬಹಳ ಮುಖ್ಯ. ಇಂಥ ಟೆಂಡರಿಗೆ ಅರ್ಜಿ ಹಾಕಲು ಸಭೆ ಒಪ್ಪಿದೆ, ಇಂಥವರು ಸಹಿ ಮಾಡತಕ್ಕದ್ದು ಎಂಬ ಠರಾವು ಅದರಲ್ಲಿ ಇರಬೇಕು, ಟೆಂಡರ್ ಹಾಕುವ ಮೊದಲಿನ ತಾರೀಖಿನಲ್ಲಿ ಇರಬೇಕು.

ಇದಕ್ಕಿಂತ ಹಿಂದೆ ಹೋಗಿ, ಬೈಲಾ ತೆರೆದು ಧ್ಯೇಯೋದ್ದೇಶಗಳನ್ನು ಓದಿ. ನಮ್ಮ ಬಹಳಷ್ಟು ಸಂಘಗಳ ಬೈಲಾದಲ್ಲಿ "ಮುಸ್ಲಿಂ ಮಕ್ಕಳ ಶೈಕ್ಷಣಿಕ ಅಭಿವೃದ್ಧಿ" ಎಂಬ ಒಂದೇ ಸಾಲು ಇರುತ್ತದೆ. ಬಹಳ ಒಳ್ಳೆಯ ಉದ್ದೇಶ. ಆದರೆ ಅದರ ಮೇಲೆ ಪಟ್ಟಣದ ಕಸ ವಿಲೇವಾರಿಯನ್ನೋ ಎಲ್ಲ ಸಮುದಾಯದ ಹೆಣ್ಣುಮಕ್ಕಳ ತರಬೇತಿಯನ್ನೋ ತೆಗೆದುಕೊಳ್ಳಲು ಬರುವುದಿಲ್ಲ. ಉದ್ದೇಶ ವಿಸ್ತರಿಸಬೇಕಾದರೆ ಸರ್ವಸಾಧಾರಣ ಸಭೆಯಲ್ಲಿ ವಿಶೇಷ ನಿರ್ಣಯ ಮಾಡಿ ನೋಂದಣಾಧಿಕಾರಿಗಳಲ್ಲಿ ದಾಖಲಿಸಬೇಕು. ಇದು ಬರೀ ಕಾಗದದ ತಿದ್ದುಪಡಿ ಎಂದುಕೊಳ್ಳಬೇಡಿ. ಸರ್ಕಾರದ ಹಣದಿಂದ ಮಾಡುವ ಕೆಲಸ ಊರಿನ ಎಲ್ಲರದು. ಜಮಾಅತಿನ ಮನೆಗಳ ಮುಂದೆ ಮೊದಲು ಗಾಡಿ ನಿಲ್ಲಿಸಿ ಆಚೆ ಕೇರಿಗೆ ಮಧ್ಯಾಹ್ನ ಹೋಗುತ್ತೇವೆ ಎಂದರೆ ಆಗದು. ಇದಕ್ಕೆ ಸಿದ್ಧರಿದ್ದೀರಾ ಎಂದು ಸಭೆಯಲ್ಲಿ ಬಾಯಿಬಿಟ್ಟು ಚರ್ಚಿಸಿ. ಇಷ್ಟವಿಲ್ಲದಿದ್ದರೆ ಚಂದಾದ ಮೇಲೆ ನಡೆಯುವ ಶಾಲೆಯಾಗಿಯೇ ಇರಿ, ಅದರಲ್ಲಿ ತಪ್ಪೇನಿಲ್ಲ. ಧರ್ಮಾರ್ಥ ಸಂಸ್ಥೆಯೆಂದು ತೆರಿಗೆ ವಿನಾಯಿತಿ ಪಡೆದವರು ಗುತ್ತಿಗೆಯ ಆದಾಯ ಅದಕ್ಕೆ ತೊಡಕಾಗುತ್ತದೆಯೇ ಎಂದು ನಿಮ್ಮ ಆಡಿಟರನ್ನು ಕೇಳಿ. ಅದನ್ನು ವೇದಿಕೆಯ ಮೇಲೆ ಹೇಳಿ ಮುಗಿಸುವಂತಿಲ್ಲ.

ಇನ್ನು ದರ. ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಕಡಿಮೆ ಹೇಳಿದವರಿಗೆ ಕೆಲಸ ಸಿಗುತ್ತದೆ, ಹಾಗಾಗಿ ಎಲ್ಲರಿಗಿಂತ ಕಡಿಮೆ ಹೇಳಿಬಿಡೋಣ ಎಂಬ ಉತ್ಸಾಹ. ಒಂದು ಲೆಕ್ಕ ಮಾಡಿ ನೋಡೋಣ. ಪಂಚಾಯಿತಿಯೊಂದು ತನ್ನದೇ ಗಾಡಿ ಕೊಟ್ಟು ಕಸ ಸಂಗ್ರಹವನ್ನು ವಹಿಸುತ್ತದೆ ಎನ್ನಿ. ಅಂಕಿಗಳು ಉದಾಹರಣೆಗೆ ಮಾತ್ರ. ಕೂಲಿಯನ್ನು ಆ ವರ್ಷದ ಕನಿಷ್ಠ ವೇತನದ ಅಧಿಸೂಚನೆ ನೋಡಿಯೇ ಹಾಕಬೇಕು. ಚಾಲಕರಿಗೆ ತಿಂಗಳಿಗೆ 18,000 ರೂ., ಇಬ್ಬರು ಸಹಾಯಕರಿಗೆ ತಲಾ 15,000ದಂತೆ 30,000, ಡೀಸೆಲ್ 9,000. ಒಟ್ಟು 57,000. ನಮ್ಮ ಸಂಘದ ಖಜಾಂಚಿ ಇಷ್ಟನ್ನೇ ಬರೆದು, ಮೇಲೆ ಒಂದು ಸಾವಿರ ಲಾಭ ಎಂದು ಸೇರಿಸಿ ಲಕೋಟೆ ಅಂಟಿಸುತ್ತಾರೆ. ಅವರು ಬಿಟ್ಟದ್ದೇನು? ಚಾಲಕರಿಗೆ ಜ್ವರ ಬಂದ ದಿನ, ಸಹಾಯಕಿಯ ಮನೆಯಲ್ಲಿ ಮದುವೆ ಇದ್ದ ದಿನ ಬದಲಿ ಆಳಿಗೆ ತಿಂಗಳಿಗೆ 4,000. ಟೈರು, ರಿಪೇರಿ, ವಿಮೆ ನಮ್ಮ ಪಾಲಿಗೆ ಎಂದು ಷರತ್ತಿನಲ್ಲಿದ್ದರೆ 5,000. ಗ್ಲೌಸು, ಬೂಟು, ಸಾಬೂನು 1,500. ಲೆಕ್ಕ ಬರೆಯುವವರಿಗೆ, ಆಡಿಟ್ ಶುಲ್ಕಕ್ಕೆ, ಕಚೇರಿಗೆ ಓಡಾಡುವ ಬಸ್ ಚಾರ್ಜಿಗೆ 4,000. ಈಗ 71,500 ಆಯಿತು. ಪಿ.ಎಫ್., ಇ.ಎಸ್.ಐ. ಅನ್ವಯವಾಗುವುದಾದರೆ ಇನ್ನೂ ಹೆಚ್ಚು. ಲಾಭದ ಒಂದು ಸಾವಿರ ಕಳೆದರೂ ವ್ಯತ್ಯಾಸ ತಿಂಗಳಿಗೆ 13,500, ವರ್ಷಕ್ಕೆ 1,62,000 ರೂಪಾಯಿ. ಆ ಹಣ ಎಲ್ಲಿಂದ ಬರುತ್ತದೆ? ಸಹಾಯಕಿಯರ ಕೂಲಿಯಿಂದ ಮುರಿಯುತ್ತೀರಿ, ಇಲ್ಲವೆ ಮಕ್ಕಳ ಫೀಸಿಗೆ ಎತ್ತಿದ ಚಂದಾದಿಂದ ತುಂಬುತ್ತೀರಿ. ಅಂದರೆ ಪಂಚಾಯಿತಿಯ ಕಸ ಎತ್ತಲು ಬಡ ಮಕ್ಕಳ ಹಣ ಕೊಟ್ಟ ಹಾಗಾಯಿತು. ಸೇವೆಯ ಹೆಸರಿನಲ್ಲಿ ನಷ್ಟದ ದರ ಹಾಕುವುದು ಸೇವೆಯಲ್ಲ, ಲೆಕ್ಕ ಬಾರದಿರುವುದು.

ಲೆಕ್ಕ ಸರಿ ಮಾಡಿದರೂ ಇನ್ನೊಂದು ಕಷ್ಟ ಇದೆ. ಬಿಲ್ಲು ತಿಂಗಳ ಕೊನೆಗೆ ಸಲ್ಲಿಸಿದರೆ ಹಣ ಮೂರು ತಿಂಗಳ ಮೇಲೆ ಬರಬಹುದು. ಕೂಲಿಯವರು ಮೂರು ತಿಂಗಳು ಕಾಯಲಾರರು. ಮೇಲಿನ ಉದಾಹರಣೆಯಲ್ಲಿ ಮೂರು ತಿಂಗಳಿಗೆ 2,14,500 ರೂ. ಕೈಯಲ್ಲಿರಬೇಕು. ಅದರ ಜೊತೆಗೆ ಇ.ಎಂ.ಡಿ. ಠೇವಣಿ, ಕೆಲಸ ಸಿಕ್ಕ ಮೇಲೆ ಭದ್ರತಾ ಠೇವಣಿ. ಬೇರೆಯವರು ಬ್ಯಾಂಕಿನಲ್ಲಿ ಸಾಲ ಮಾಡುತ್ತಾರೆ. ನಮ್ಮಲ್ಲಿ ಬಡ್ಡಿಯ ಪ್ರಶ್ನೆ ಬರುತ್ತದೆ, ಅದನ್ನು ಮರೆಮಾಚುವುದು ಬೇಡ. ಝಕಾತ್ ನಿಧಿಯಿಂದ ತಾತ್ಕಾಲಿಕವಾಗಿ ತೆಗೆದುಕೊಳ್ಳೋಣ ಎಂದು ಯಾರೋ ಹೇಳುತ್ತಾರೆ. ದಯವಿಟ್ಟು ಬೇಡ. ಝಕಾತಿನ ಹಕ್ಕುದಾರರು ಯಾರೆಂದು ಕುರ್‌ಆನ್ ಹೇಳಿದೆ, ಅದರಲ್ಲಿ ಪುರಸಭೆಯ ಠೇವಣಿ ಇಲ್ಲ. ಸದಸ್ಯರಿಂದ ಕರ್ಜೆ ಹಸನ ಪಡೆದು, ಅದಕ್ಕೆಂದೇ ಪ್ರತ್ಯೇಕ ನಿಧಿ ಮಾಡಿ, ಪ್ರತಿಯೊಬ್ಬರಿಗೂ ರಸೀದಿ ಕೊಟ್ಟು ಪ್ರತ್ಯೇಕ ಪುಸ್ತಕದಲ್ಲಿ ಬರೆಯುವುದು ನಾನು ಕಂಡ ಒಳ್ಳೆಯ ದಾರಿ. ನಮ್ಮವರೇ ಅಲ್ಲವೆ, ಬರೆಯುವುದೇಕೆ ಎನ್ನುವವರಿಗೆ ನಾನು ಸೂರ ಅಲ್-ಬಕರದ 282ನೆಯ ವಚನವನ್ನು ತೋರಿಸುತ್ತೇನೆ. ಕುರ್‌ಆನಿನ ಅತ್ಯಂತ ಉದ್ದದ ವಚನ ಅದು. ಸಾಲದ ವ್ಯವಹಾರ ಸಣ್ಣದಿರಲಿ ದೊಡ್ಡದಿರಲಿ, ಬರೆದಿಡಲು ಬೇಸರಪಡಬಾರದು, ಸಾಕ್ಷಿ ಇರಬೇಕು ಎಂಬುದು ಅದರ ವಿಷಯ. ಮುಂದಿನ ಜುಮಾದ ಖುತ್ಬಾದಲ್ಲಿ ಇಮಾಮ್ ಸಾಹೇಬರು ಅದನ್ನು ವಿವರಿಸಿದರೆ ಖಜಾಂಚಿಗಳಿಗೆ ದೊಡ್ಡ ಉಪಕಾರ.

ಬಡವರ ಸಂಘಟನೆಗಳು ಇಂಥ ಕೆಲಸದಲ್ಲಿ ನಿಂತು ಗೆದ್ದದ್ದುಂಟೇ ಎಂದು ಕೇಳಿದರೆ, ಉಂಟು. ಕೇರಳದ ವಡಕರ ಬಳಿ ಊರಾಳುಂಗಲ್ ಕಾರ್ಮಿಕರ ಸಹಕಾರ ಸಂಘ ಇದೆ. 1925ರಲ್ಲಿ 14 ಜನ ಕೂಲಿಗಳು ಕಟ್ಟಿದ್ದು. ಸಮಾಜ ಸುಧಾರಕ ವಾಗ್ಭಟಾನಂದರ ಮಾತು ಕೇಳಿದರೆಂಬ ಕಾರಣಕ್ಕೆ ಊರಿನ ಜಮೀನ್ದಾರರು ಅವರಿಗೆ ಕೆಲಸ ಕೊಡುವುದನ್ನು ನಿಲ್ಲಿಸಿದ್ದರು. ಇಂದು ಅದು ಸರ್ಕಾರದ ರಸ್ತೆ, ಸೇತುವೆ, ಕಟ್ಟಡಗಳ ಗುತ್ತಿಗೆ ಹಿಡಿಯುವ, ಸಾವಿರಾರು ಕೆಲಸಗಾರರಿರುವ ಸಂಘ. ಒಡೆಯರು ಈಗಲೂ ಕೆಲಸಗಾರರೇ. ಪುಣೆಯಲ್ಲಿ ಚಿಂದಿ ಆಯುವ ಹೆಂಗಸರು 1993ರಲ್ಲಿ ಯೂನಿಯನ್ ಕಟ್ಟಿದರು. 2008ರಲ್ಲಿ ಅವರ ಸಹಕಾರಿ ಸಂಸ್ಥೆ 'ಸ್ವಚ್ಛ್' ಮಹಾನಗರ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ಮನೆಮನೆಯ ಕಸ ಸಂಗ್ರಹ ಶುರು ಮಾಡಿತು. ಬೆಂಗಳೂರಿನಲ್ಲಿ 'ಹಸಿರು ದಳ' ಸಂಘಟನೆಯ ಜೊತೆಗಿದ್ದ ಚಿಂದಿ ಆಯುವವರು ಪಾಲಿಕೆಯೊಂದಿಗೆ ಒಡಂಬಡಿಕೆ ಮಾಡಿಕೊಂಡು ಒಣಕಸ ಸಂಗ್ರಹ ಕೇಂದ್ರಗಳನ್ನು ನಡೆಸಿದರು. ಇವರು ಗುತ್ತಿಗೆ ಕೇಳುವ ಮೊದಲು ಸಂಘಟನೆ ಕಟ್ಟಿದರು ಎಂಬುದನ್ನು ಗಮನಿಸಿ. ಪುಣೆಯವರಿಗೆ ಯೂನಿಯನ್ನಿನಿಂದ ಒಪ್ಪಂದಕ್ಕೆ ಹದಿನೈದು ವರ್ಷ ಹಿಡಿಯಿತು. ನಮ್ಮವರು ಪತ್ರಿಕೆಯಲ್ಲಿ ಪ್ರಕಟಣೆ ನೋಡಿದ ದಿನ ಸಂಘ ನೋಂದಣಿ ಮಾಡಿಸಲು ಹೊರಡುತ್ತಾರೆ.

ನಾನು ಇಷ್ಟು ದೂರ ಬಂದದ್ದು ಮುಖ್ಯವಾಗಿ ಮುಂದಿನ ಮಾತು ಹೇಳಲು. ನೀವು ಕಡತ ಸರಿ ಮಾಡಿಕೊಂಡಿರಿ, ಮೂರು ವರ್ಷದ ಆಡಿಟ್ ಇದೆ, ಬೈಲಾ ಸರಿಯಿದೆ ಎಂದ ತಕ್ಷಣ ಒಬ್ಬರು ನಿಮ್ಮ ಮನೆಗೆ ಬರುತ್ತಾರೆ. ಒಳ್ಳೆಯ ಕಾರಿನಲ್ಲಿ ಬರುತ್ತಾರೆ. ನಮ್ಮವರೇ ಆಗಿರಬಹುದು, ಬೇರೆಯವರಾಗಿರಬಹುದು. "ನೀವೇನೂ ಮಾಡುವುದು ಬೇಡ ಸಾಹೇಬರೆ. ನಿಮ್ಮ ಸಂಘದ ಲೆಟರ್‌ಹೆಡ್, ಸೀಲು, ಎರಡು ಸಹಿ ಸಾಕು. ಠೇವಣಿ ನಮ್ಮದು, ಆಳು ನಮ್ಮವರು. ಬಿಲ್ಲಿನಲ್ಲಿ ನೂರಕ್ಕೆ ಎರಡು ರೂಪಾಯಿ ಮದ್ರಸಕ್ಕೆ ಕೊಡುತ್ತೇವೆ" ಎನ್ನುತ್ತಾರೆ. ಮದ್ರಸದ ಮಾಡು ಸೋರುತ್ತಿರುತ್ತದೆ. ಹಿರಿಯರ ಮನಸ್ಸು ಕರಗುತ್ತದೆ.

ಯಾಕೆ ಬರುತ್ತಾರೆ? ಕೆಲವು ಕೆಲಸಗಳನ್ನು ಕಂಟ್ರಾಕ್ಟರುಗಳಿಗೆ ಕೊಡಬಾರದು ಎಂಬ ನಿಯಮ ಇದೆ. ಅಂಗನವಾಡಿ ಮಕ್ಕಳ ಆಹಾರದ ಬಗ್ಗೆ ಸುಪ್ರೀಂ ಕೋರ್ಟ್ 2004ರ ಅಕ್ಟೋಬರ್‌ನಲ್ಲಿ ಆದೇಶ ನೀಡಿ, ಪೌಷ್ಟಿಕ ಆಹಾರ ಪೂರೈಕೆಗೆ ಗುತ್ತಿಗೆದಾರರನ್ನು ಬಳಸಬಾರದು, ಗ್ರಾಮ ಸಮುದಾಯ, ಸ್ವಸಹಾಯ ಸಂಘ, ಮಹಿಳಾ ಮಂಡಲಗಳಿಗೆ ಆದ್ಯತೆ ಕೊಡಬೇಕು ಎಂದಿತು. ಬಡ ಹೆಣ್ಣುಮಕ್ಕಳಿಗೆ ನ್ಯಾಯಾಲಯವೇ ತೆರೆದ ಬಾಗಿಲು ಅದು. ಕೇರಳದಲ್ಲಿ ಕುಟುಂಬಶ್ರೀ ಘಟಕಗಳ ಹೆಂಗಸರು ತಾವೇ ಹುರಿದು ಬೀಸಿ ಅಂಗನವಾಡಿಗೆ ಪುಡಿ ಕೊಡುತ್ತಿದ್ದಾರೆ. ನಮ್ಮ ರಾಜ್ಯದಲ್ಲಿ ಮಹಿಳಾ ಪೂರಕ ಪೌಷ್ಟಿಕ ಆಹಾರ ತಯಾರಿಕಾ ಕೇಂದ್ರಗಳನ್ನು ತೆರೆದರು. 2012ರಲ್ಲಿ ಸುಪ್ರೀಂ ಕೋರ್ಟಿನ ಆಹಾರ ಆಯುಕ್ತರ ಕಡೆಯಿಂದ ಬಂದ ವರದಿ, ಈ ಕೇಂದ್ರಗಳಲ್ಲಿ ಹೆಸರು ಮಹಿಳೆಯರದು, ವ್ಯವಹಾರದ ಹಿಡಿತ ಖಾಸಗಿ ಕಂಪನಿಯದು ಎಂದು ಆರೋಪಿಸಿತು. ಲೋಕಾಯುಕ್ತದ ತನಿಖೆಯೂ ಆಯಿತು. ಬಡವರ ಹೆಸರಿಗೆ ಮಾರುಕಟ್ಟೆಯಲ್ಲಿ ಎಷ್ಟು ಬೆಲೆ ಇದೆ ನೋಡಿ. ಬಡವರಿಗೆ ಮಾತ್ರ ಅದರ ಅರಿವಿಲ್ಲ.

ಸಹಿ ಕೊಟ್ಟ ಮೇಲೆ ಏನಾಗುತ್ತದೆ ಎಂದು ಸರಳವಾಗಿ ಹೇಳುತ್ತೇನೆ. ಕಾನೂನಿನ ಕಣ್ಣಿಗೆ ಕೆಲಸ ಹಿಡಿದವರು ನೀವು. ಮಕ್ಕಳ ಅಕ್ಕಿಯಲ್ಲಿ ಹುಳ ಸಿಕ್ಕರೆ ನೋಟಿಸು ಬರುವುದು ನಿಮಗೆ. ಕೂಲಿಯವರಿಗೆ ಕನಿಷ್ಠ ವೇತನ ಕೊಡದಿದ್ದರೆ ಕಾರ್ಮಿಕ ಇಲಾಖೆ ಹುಡುಕುವುದು ನಿಮ್ಮನ್ನು. ಬಿಲ್ಲಿನ ಹಣ ನಿಮ್ಮ ಸಂಘದ ಖಾತೆಗೆ ಬಂದು ಅಂದೇ ಇನ್ನೊಬ್ಬರಿಗೆ ಹೋಗಿರುತ್ತದೆ. ಆದಾಯ ತೆರಿಗೆಯವರು ಕೇಳುವುದು ನಿಮ್ಮ ಪ್ಯಾನ್ ನಂಬರನ್ನು. ಕಪ್ಪುಪಟ್ಟಿಗೆ ಸೇರುವುದು ನಿಮ್ಮ ಹಿರಿಯರು ನಲವತ್ತು ವರ್ಷದಿಂದ ಉಳಿಸಿಕೊಂಡು ಬಂದ ಹೆಸರು. ಕಾರಿನಲ್ಲಿ ಬಂದವರು ಆ ಹೊತ್ತಿಗೆ ಮುಂದಿನ ತಾಲ್ಲೂಕಿನ ಸಂಘದ ಜಗುಲಿಯ ಮೇಲಿರುತ್ತಾರೆ. ನಮ್ಮ ಮಾತಿನಲ್ಲಿ ಅಮಾನತ್ ಎನ್ನುತ್ತೇವೆ. ಸಂಘದ ಸೀಲು ಅಮಾನತ್. ಅದನ್ನು ಬಾಡಿಗೆಗೆ ಕೊಡುವ ಹಕ್ಕು ಅಧ್ಯಕ್ಷರಿಗೂ ಇಲ್ಲ, ಮುತವಲ್ಲಿಗಳಿಗೂ ಇಲ್ಲ. ಮಾಡು ಸೋರುತ್ತಿದ್ದರೆ ಇನ್ನೊಂದು ಮಳೆಗಾಲ ಸೋರಲಿ.

ಒಬ್ಬರ ಕೈಯಲ್ಲಿ ಆಗದ ದೊಡ್ಡ ಕೆಲಸಕ್ಕೆ ಪ್ರಾಮಾಣಿಕ ದಾರಿ ಇದ್ದೇ ಇದೆ. ಟೆಂಡರಿನಲ್ಲಿ ಜಂಟಿಯಾಗಿ ಅರ್ಜಿ ಹಾಕಲು ಅವಕಾಶ ಕೊಟ್ಟಿದ್ದರೆ ಎರಡು ಮೂರು ಸಂಸ್ಥೆಗಳು ಸೇರಿ, ಯಾರ ಪಾಲು ಏನು ಎಂದು ಛಾಪಾ ಕಾಗದದಲ್ಲಿ ಬರೆದುಕೊಂಡು ಹಾಕಬಹುದು. ಹೊಲಿಗೆ ತರಬೇತಿಯ ಅನುಭವ ನಮ್ಮದು, ಗಾಡಿ ಓಡಿಸುವ ಅನುಭವ ಆಚೆ ಊರಿನ ಮಹಿಳಾ ಒಕ್ಕೂಟದ್ದು, ಲೆಕ್ಕ ಬರೆಯುವ ಬಲ ಇನ್ನೊಂದು ಸಂಸ್ಥೆಯದು. ಮೊದಲ ಸಲ ಸಣ್ಣ ಕೆಲಸ ಹಿಡಿಯಿರಿ. ಕೊಟೇಶನ್ ಮೇಲೆ ಪಂಚಾಯಿತಿ ಕೊಡುವ ತರಬೇತಿ ಶಿಬಿರ, ಜಾಗೃತಿ ಕಾರ್ಯಕ್ರಮ, ಸಭೆಗೆ ಊಟ ಪೂರೈಕೆ, ಇಂಥದ್ದು. ಮುಗಿದ ಮೇಲೆ ಕೆಲಸ ತೃಪ್ತಿಕರವಾಗಿ ಆಗಿದೆ ಎಂಬ ಪ್ರಮಾಣಪತ್ರವನ್ನು ಮರೆಯದೆ ಕೇಳಿ ಪಡೆಯಿರಿ. ಮೂರು ಸಣ್ಣ ಪ್ರಮಾಣಪತ್ರ ಸೇರಿದರೆ ಮುಂದಿನ ಟೆಂಡರಿನ ಅನುಭವದ ಕಲಮು ತುಂಬುತ್ತದೆ.

ಇಲ್ಲಿ ವಿದ್ಯಾರ್ಥಿಗಳ ಕೆಲಸ ಬರುತ್ತದೆ. ಈಗ ಟೆಂಡರುಗಳು ಬಹುತೇಕ ರಾಜ್ಯದ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್‌ನಲ್ಲಿ ಬರುತ್ತವೆ. ಲಕೋಟೆಯೂ ಅಲ್ಲಿಯೇ, ಸಹಿಯೂ ಡಿಜಿಟಲ್ ಸಹಿ. ನಮ್ಮ ಅಧ್ಯಕ್ಷರಿಗೆ ಅದು ಬರುವುದಿಲ್ಲ, ಅವರಿಗೆ ಬರಬೇಕಾದ ಅಗತ್ಯವೂ ಇಲ್ಲ. ಬಿ.ಕಾಂ. ಓದುವ ಇಬ್ಬರು, ಕಂಪ್ಯೂಟರ್ ಬಲ್ಲ ಒಬ್ಬರು, ಕನ್ನಡ ಚೆನ್ನಾಗಿ ಓದಿ ಅರ್ಥ ಹೇಳಬಲ್ಲ ಒಬ್ಬ ಹುಡುಗಿ, ಈ ನಾಲ್ವರು ವಾರಕ್ಕೊಮ್ಮೆ ಕೂತರೆ ಸಾಕು. ಸೊರಬ, ಶಿಕಾರಿಪುರ, ಆನವಟ್ಟಿ ಕಡೆಯ ಪ್ರಕಟಣೆಗಳನ್ನು ನೋಡುವುದು, ಅರ್ಹತೆಯ ಕಲಮು ಓದುವುದು, ನಮಗೆ ಆಗುವಂಥದ್ದನ್ನು ಒಂದು ಹಾಳೆಯಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಾಕುವುದು. ನಮ್ಮ ಸಂಘಕ್ಕೆ ಮಾತ್ರವಲ್ಲ, ಕೇಳಿಕೊಂಡು ಬಂದ ಯಾವ ಸಂಘಕ್ಕಾದರೂ. ಅರ್ಥವಾಗದ ಷರತ್ತು ಇದ್ದರೆ ಟೆಂಡರ್ ಪೂರ್ವ ಸಭೆ ಎಂದು ಕರೆಯುತ್ತಾರೆ, ಅಲ್ಲಿ ಹೋಗಿ ಕೇಳಬಹುದು. ಕೇಳಿದರೆ ಏನು ತಿಳಿದುಕೊಳ್ಳುತ್ತಾರೋ ಎಂಬ ಸಂಕೋಚ ನಮ್ಮ ಹುಡುಗರಿಗೆ ಬಹಳ. ಕಂಟ್ರಾಕ್ಟರುಗಳಿಗೆ ಆ ಸಂಕೋಚ ಇಲ್ಲ. ಅಲ್ಲದೆ ಗ್ರಾಮ ಪಂಚಾಯಿತಿಯ ಜಮಾಬಂದಿಗೆ ಹೋಗಿ ಕೂರಿ. ಹಿಂದಿನ ವರ್ಷ ಯಾವ ಕೆಲಸಕ್ಕೆ ಎಷ್ಟು ಖರ್ಚಾಯಿತು, ಯಾರಿಗೆ ಕೊಟ್ಟರು ಎಂಬುದನ್ನು ಅಲ್ಲಿ ಓದುತ್ತಾರೆ. ಮುಂದಿನ ವರ್ಷ ನೀವು ಹಾಕಬೇಕಾದ ದರದ ಅಂದಾಜು ಅಲ್ಲಿ ಪುಕ್ಕಟೆ ಸಿಗುತ್ತದೆ. ಅಲ್ಲಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾನೂನು ಇದೆ, ಹತ್ತು ರೂಪಾಯಿ ಖರ್ಚು.

ಕೆಲಸ ಸಿಕ್ಕ ಮೇಲೆ ಕಾರ್ಯಾದೇಶ ಕೈಗೆ ಬರುವವರೆಗೆ ಒಂದು ಪೈಸೆ ಖರ್ಚು ಮಾಡಬೇಡಿ. ಯಾರೋ ಸದಸ್ಯರು "ನಾಳೆಯಿಂದಲೇ ಶುರು ಮಾಡಿ, ಕಾಗದ ಆಮೇಲೆ ಬರುತ್ತದೆ" ಎಂದರೆ, ಕಾಗದ ಬಂದ ಮಾರನೆಯ ದಿನ ಬೆಳಗಿನ ಫಜರ್ ಆದ ಕೂಡಲೆ ಶುರು ಮಾಡುತ್ತೇವೆ ಎನ್ನಿ.

ನನ್ನ ಸಮಯ ಮುಗಿಯಿತೆಂದು ಅಧ್ಯಕ್ಷರು ಎರಡು ಸಲ ಗಡಿಯಾರ ನೋಡಿದರು. ಮಧ್ಯಾಹ್ನ ಊಟವಾದ ಮೇಲೆ ನಾನು ಇಲ್ಲಿಯೇ ಹಿಂದಿನ ಕೋಣೆಯಲ್ಲಿ ಇರುತ್ತೇನೆ. ಮಹಿಳಾ ಸಂಘದವರು ಮೊದಲು ಬನ್ನಿ, ನಿಮಗೆ ಬಸ್ಸಿನ ಹೊತ್ತಾಗುತ್ತದೆ. ಬರುವಾಗ ನಿಮ್ಮ ಬೈಲಾದ ಪ್ರತಿ, ಕಳೆದ ವರ್ಷದ ಆಡಿಟ್ ವರದಿ, ನಡಾವಳಿ ಪುಸ್ತಕ ತನ್ನಿ. ನಡಾವಳಿ ಪುಸ್ತಕ ಮನೆಯಲ್ಲಿದೆ ಎನ್ನುವವರು ಊಟಕ್ಕೆ ಮೊದಲೇ ಹೋಗಿ ತಂದುಬಿಡಿ.